ಬಚ್ಚಲೊಲೆಯ ಯಜಮಾನರು

ಸಾಗರ, ಸಿರಸಿ, ತೀರ್ಥಹಳ್ಳಿಗಳ ಸುತ್ತಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ, ದೀಪಾವಳಿಯ ನೀರು ತುಂಬುವ ಹಬ್ಬ ಕಳೆದು ಚಳಿ ಬಲಿಯತೊಡಗಿತೆಂದರೆ, ಹಿರಿಯರಲ್ಲೊಬ್ಬರು ಬಚ್ಚಲೊಲೆಯ ಆಡಳಿತವನ್ನು ತಾವಾಗಿಯೇ ವಹಿಸಿಕೊಳ್ಳುತ್ತಾರೆ. ಬಚ್ಚಲೊಲೆಯೆಂದರೆ ಸ್ನಾನದ ನೀರು ಕಾಯಿಸಲು ಹಂಡೆಯನ್ನು ಕಾಯಮ್ಮಾಗಿ ಕೂರಿಸಿ ಕಟ್ಟಿದ ಒಲೆ. ಹಲವು ಮನೆಗಳಲ್ಲಿ ಹಂಡೆ ಬಚ್ಚಲಿನ ಒಳಗೂ ಒಲೆಯ ಬಾಯಿ ಗೋಡೆಯಾಚೆಗೂ ಇರುವುದರಿಂದ, ಮೀಯುವವರಿಗೆ ಬೆಂಕಿಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ, ಯಜಮಾನರ ಅಧಿಕಾರಕ್ಕೆ ಇದೇ ಆಧಾರ.

ಕಟ್ಟಿಗೆಗೆಂದು ಇವರು ದುಡ್ಡು ಬಿಚ್ಚುವ ಪ್ರಸಂಗ ಅಪರೂಪ. ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟಿರುವ ಕಾಡಿನ ತುಂಡಾದ ಸೊಪ್ಪಿನಬೆಟ್ಟದ ಒಣ ಟೊಂಗೆ, ತೆಂಗಿನ ಸಿಪ್ಪೆ, ಸುಲಿದ ಅಡಿಕೆಯ ಸಿಪ್ಪೆ ಇವೆಲ್ಲ ಮನೆಯಲ್ಲೇ ರಾಶಿ ಬಿದ್ದಿರುತ್ತವೆ. ಆದರೂ ಉಳಿತಾಯದಲ್ಲಿ ಇವರು ಪೇಟೆಯಲ್ಲಿ 14.2 ಕಿಲೋ ಸಿಲಿಂಡರನ್ನು ಅಲುಗಾಡಿಸಿ ನೋಡುವವರನ್ನೂ ಮೀರಿಸುತ್ತಾರೆ. ಬೆಂಗಳೂರಿನಿಂದ ಬಂದ ತಂಗಿಯ ಮಗ ಎರಡನೆಯ ತಂಬಿಗೆ ನೀರನ್ನು ತಲೆಗೆ ಹೊಯ್ದುಕೊಳ್ಳುವಷ್ಟರಲ್ಲಿ ಗೋಡೆಯಾಚೆ ಕೊಳ್ಳಿ ಎಳೆದ ಸದ್ದು, ಅದಕ್ಕೆ ನೀರು ಚಿಮುಕಿಸಿದ ‘ಚುಂಯ್’, ಬೆನ್ನಿಗೇ “ಆಯ್ತೇನೋ ತಮ್ಮಾ? ಇನ್ನೂ ನಾಲ್ಕು ಜನ ಮೀಯುವವರಿದ್ದಾರೆ” ಎಂಬ ವಿಚಾರಣೆ ಕೇಳಿಬರುತ್ತದೆ. ಹೀಗೆ ಉಳಿಸಿದ ಕೊಳ್ಳಿ ಮರುದಿನ ಬೆಂಕಿ ಹಿಡಿಯದೆ ಹೊಗೆಯಾಡುತ್ತದೆ. ಒದ್ದೆ ಕಟ್ಟಿಗೆಯ ಶಾಖದಲ್ಲೊಂದು ಪಾಲು ಮೊದಲು ಅದರೊಳಗಿನ ನೀರನ್ನೇ ಆವಿ ಮಾಡಲು ವ್ಯಯವಾಗುವುದರಿಂದ, ಅದನ್ನು ಉರಿಸಲು ಇನ್ನೆರಡು ಒಣ ಕಟ್ಟಿಗೆ ಬೇಕಾಗುತ್ತವೆ. ಈ ಎರಡು ಯಜಮಾನರ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕವನ್ನೇ ಮಾಡುವುದಾದರೆ, ಒಂದು ಲೀಟರು ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾಗುವ ಶಾಖವೇ ಒಂದು ಕಿಲೋಕ್ಯಾಲೊರಿ. 60 ಲೀಟರು ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು 1500 ಕಿಲೋಕ್ಯಾಲೊರಿ ಬೇಕು, ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4000 ಇರುವುದರಿಂದ ಅರ್ಧ ಕಿಲೋಗಿಂತ ಕಡಿಮೆ ಸಾಕು. ಬಾಯಿ ತೆರೆದ ಒಲೆಯಲ್ಲಿ ಅದರ ಹಲವು ಪಟ್ಟು ಸುಡಬೇಕಾಗುವುದು, ಶಾಖದ ಬಹುಪಾಲು ಹಂಡೆಗೆ ತಾಗದೆ ಹೊರಗೆ ಹೋಗುವುದರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ, ಹಳ್ಳಿಗಳಿಗೊಪ್ಪುವ ತಂತ್ರಜ್ಞಾನವನ್ನು ರೂಪಿಸುವ ‘ಅಸ್ತ್ರ’ ಕೇಂದ್ರವು ಕಟ್ಟಿಗೆ ಉಳಿಸುವ ಹೊಗೆಕೊಳವೆಯ ಒಲೆಗಳನ್ನು ಸಿದ್ಧಪಡಿಸಿದ್ದು ಇದೇ ನಷ್ಟವನ್ನು ತಡೆಯಲು. ಆದರೆ ಅಂಥ ಒಲೆಯ ಮಾತೆತ್ತಿದರೆ, ಉರಿ ಕಣ್ಣಿಗೆ ಕಾಣದಿದ್ದ ಮೇಲೆ ಅದನ್ನು ನಂಬುವುದು ಹೇಗೆಂದು ಯಜಮಾನರು ಕೇಳುತ್ತಾರೆ.

ನಿಜವಾದ ಕಾರಣ ಬೇರೆ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಕಂಬಳಿ ಹೊದ್ದು, ಮಣೆ ಎಳೆದುಕೊಂಡು ಆ ತೆರೆದ ಬಾಯಿಗೆ ಬೆನ್ನುಕೊಟ್ಟು ಕೂರುವ ಇವರು, ಎರಡನೆಯ ಕಾಫಿ ಮುಗಿಯುವವರೆಗೂ ಮೇಲೇಳುವುದಿಲ್ಲ. ಬೆನ್ನು ತಣ್ಣಗಾದಂತೆ ಕಂಡಾಗಲೆಲ್ಲ ಕೈ ಹಿಂದೆ ಚಾಚಿ ಒಂದೊಂದು ಕಟ್ಟಿಗೆ ಒಳಕ್ಕೆ ತಳ್ಳುತ್ತಾರೆ. ಮನೆಮಂದಿಯೆಲ್ಲ ಮಿಂದರೂ ಅಷ್ಟು ಕಟ್ಟಿಗೆ ಖರ್ಚಾಗುವುದಿಲ್ಲವೆಂಬುದು ಅವರ ಹೆಂಡತಿಗೆ ಗೊತ್ತು. ಆಕೆ ಹೇಳಿಲ್ಲ, ಏಕೆಂದರೆ ಅಷ್ಟು ಹೊತ್ತಾದರೂ ಅವರು ಅಡುಗೆಮನೆಯ ಉಳಿತಾಯಕ್ಕೆ ಕೈಹಾಕುವುದಿಲ್ಲ.

ಇಂಥ ಮನೆಗೆ ಚಳಿಗಾಲದಲ್ಲಿ ನೆಂಟರಾಗಿ ಹೋಗುವವರು ಸ್ನಾನದ ಸರದಿಯಲ್ಲಿ ಎರಡನೆಯವರಾಗುವುದು ಕ್ಷೇಮ. ಮೊದಲನೆಯವರಿಗೆ ನೀರು ಇನ್ನೂ ಕಾದಿರುವುದಿಲ್ಲ, ಮೂರನೆಯವರ ಹೊತ್ತಿಗೆ ಕೊಳ್ಳಿ ಹೊರಗೆ ಬಂದಿರುತ್ತದೆ.