ಎರಡನೇ ಭಾಗದ ಊರಿನವನು

ನನ್ನ ಅಳಿಯ, ಅಂದರೆ ರಾಮದುರ್ಗಕ್ಕೆ ಕೊಟ್ಟ ತಂಗಿಯ ಮಗ, 2024ರ ದೀಪಾವಳಿಗೆ ಬೈಲಹೊಂಗಲಕ್ಕೆ ಬಂದಾಗ ಕೈಯಲ್ಲಿ ಒಂದು ಚೀಲ, ಮುಖದ ಮೇಲೆ ಸೂತಕದ ಕಳೆ. ಕೇಳಿದರೆ, ‘ಡ್ರ್ಯಾಗನ್ ಏಜ್’ ಎಂಬ ಆಟದ ನಾಲ್ಕನೇ ಭಾಗ ಅಕ್ಟೋಬರ್ 31ಕ್ಕೆ, ಸರಿಯಾಗಿ ನರಕ ಚತುರ್ದಶಿಯ ದಿನ, ಬಿಡುಗಡೆಯಾಗಿತ್ತಂತೆ. ಮೂರನೆಯದು ಬಂದು ಹತ್ತು ವರ್ಷ ಆದ ಮೇಲೆ ಬಂದ ಆಟ. ಆದರೆ ಅದನ್ನು ಎತ್ತುವ ತಾಕತ್ತು ನಮ್ಮ ಮನೆಯ ಕಂಪ್ಯೂಟರಿಗೆ ಇರಲಿಲ್ಲ. ಅದು ನಾನು ಹೈಸ್ಕೂಲಿನ ಪ್ರಶ್ನೆಪತ್ರಿಕೆ ಟೈಪು ಮಾಡಲಿಕ್ಕೆಂದು ತಂದ ಪೆಟ್ಟಿಗೆ. ಸ್ವಲ್ಪ ಭಾರ ಹೇರಿದರೂ ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟಿ ಮಲಗಿಬಿಡುತ್ತದೆ.

‘ಮುದಿ ಎತ್ತಿಗೆ ಹೊಸಾ ಬಂಡಿ ಹೂಡಿದಂಗ ಆಗ್ತೈತಿ ಮಾಮಾ’ ಎಂದು ತಾನೇ ಸಮಾಧಾನ ಮಾಡಿಕೊಂಡು, ಎತ್ತಿನ ವಯಸ್ಸಿಗೆ ತಕ್ಕ ಬಂಡಿ ಹುಡುಕಿದ: 2009ರ ಮೊದಲ ಭಾಗ, 2011ರ ಎರಡನೇ ಭಾಗ. ದೀಪಾವಳಿಯ ಸೂಟಿಯಲ್ಲಿ ಎರಡನ್ನೂ ಮುಗಿಸುವುದು ಅವನ ಪಣ. ಇತಿಹಾಸದ ಮಾಸ್ತರನಾದ ನನಗೆ ಸೂಟಿಯಲ್ಲಿ ಬೇರೆ ಕೆಲಸವಿರಲಿಲ್ಲ. ಮಗ್ಗುಲಿಗೆ ಕುರ್ಚಿ ಎಳೆದುಕೊಂಡು ಕೂತೆ.

‘ಇದು ರೋಲ್ ಪ್ಲೇಯಿಂಗ್ ಮಾಮಾ. ನಾವs ಒಂದು ಪಾತ್ರ ಹಾಕಬೇಕು’ ಎಂದ. ದೊಡ್ಡಾಟ, ಸಣ್ಣಾಟ ಕಂಡ ನಾಡಿನವನಿಗೆ ಇದೇನು ಹೊಸದು? ನಮ್ಮಲ್ಲೂ ಗೌಡರ ಮಗ ಕೀಚಕನಾಗುತ್ತಾನೆ, ಹುರಿಮೀಸೆಯ ಹಮಾಲ ದ್ರೌಪದಿಯಾಗುತ್ತಾನೆ. ಇಲ್ಲಿ ಬಣ್ಣದ ಖರ್ಚಿಲ್ಲ, ಅಷ್ಟೆ.

ಮೊದಲ ಭಾಗ ಶುರುವಾಗುವುದೇ ಒಂದು ಪ್ರಶ್ನೆಯಿಂದ: ಎಲ್ಲಿ ಹುಟ್ಟುತ್ತೀರಿ? ಒಟ್ಟು ಆರು ಹುಟ್ಟುಗಳಿವೆ. ಮನುಷ್ಯರ ದೊಡ್ಡ ಮನೆತನದಲ್ಲಿ ಹುಟ್ಟಬಹುದು, ಮಾಂತ್ರಿಕರ ಗೋಪುರದಲ್ಲಿ ಬೆಳೆಯಬಹುದು, ಕಿವಿ ಚೂಪಾದ ಎಲ್ಫ್‌ಗಳ ಕೇರಿಯಲ್ಲೋ ಕಾಡಿನಲ್ಲೋ ಕಣ್ಣು ಬಿಡಬಹುದು. ನೆಲದಡಿ ಬದುಕುವ ಕುಳ್ಳರಲ್ಲಿ ರಾಜಕುಮಾರನಾಗಬಹುದು. ಬೇಡವೆಂದರೆ ಅದೇ ಕುಳ್ಳರಲ್ಲಿ ಯಾವ ಜಾತಿಗೂ ಸೇರದವನಾಗಬಹುದು. ಅಂಥವರಿಗೆ ಹುಟ್ಟಿದೊಡನೆ ಮುಖದ ಮೇಲೆ ಹಚ್ಚೆ ಹಾಕುತ್ತಾರೆ, ನೋಡಿದವರು ದೂರದಿಂದಲೇ ಗುರುತು ಹಿಡಿಯಲಿ ಎಂದು. ಕೆನಡಾದ ಎಡ್ಮಂಟನ್ನಿನಲ್ಲಿ ಕೂತು ಆಟ ಮಾಡಿದವರಿಗೆ ನಮ್ಮ ಕಡೆಯ ಸುದ್ದಿ ಯಾರು ಮುಟ್ಟಿಸಿದರೋ.

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅವ್ವ ಕೇಳಿದಳು, ‘ಹುಟ್ಟಾಕ ಆರು ಮನಿ ತೋರಿಸಿ ಯಾವುದು ಬೇಕು ಅಂತಾರೇನು?’

‘ಹೌದು ಆಯಿ.’

‘ಮೊದಲs ಹೇಳಬಾರದಾ? ನಾ ಇಲ್ಲಿಗಿ ಯಾಕ ಬರ್ತಿದ್ದೆ?’

ನೆರೆದವರೆಲ್ಲ ನಕ್ಕೆವು, ನಾನು ಒಂದು ಗುಟುಕು ಕಡಿಮೆ.

ಮೊದಲ ಭಾಗದ ಕಥೆ ದೊಡ್ಡದು. ಫೆರೆಲ್ಡನ್ ಎಂಬ ದೇಶದ ಮೇಲೆ ಪಾತಾಳದಿಂದ ಕೇಡು ಎದ್ದು ಬರುತ್ತದೆ, ಅದರ ಮುಂದಾಳು ಒಂದು ಘಟಸರ್ಪ. ಯುದ್ಧದ ಮಧ್ಯದಲ್ಲಿ ಸೇನಾಪತಿ ರಾಜನನ್ನು ಕೈಬಿಟ್ಟು ದಂಡು ಹಿಂದೆಗೆಯುತ್ತಾನೆ. ಉಳಿದವನು ನೀನು. ಎಲ್ಫ್‌ಗಳಲ್ಲಿಗೆ ಹೋಗು, ಕುಳ್ಳರಲ್ಲಿಗೆ ಹೋಗು, ಮಾಂತ್ರಿಕರ ಕಾಲು ಹಿಡಿ, ಒಬ್ಬೊಬ್ಬರ ಮನೆಯ ಜಗಳ ಬಗೆಹರಿಸಿ ದಂಡು ಕೂಡಿಸು, ಜಗತ್ತು ಉಳಿಸು. ಜಿಲ್ಲಾ ಪಂಚಾಯತಿ ಚುನಾವಣೆಗೆ ನಿಂತವನ ತಿರುಗಾಟವೇ, ಕೊನೆಗೆ ಘಟಸರ್ಪ ಒಂದು ಹೆಚ್ಚಿಗೆ.

ಜತೆಗಾರರು ಮಾತ್ರ ಒಬ್ಬರಿಗಿಂತ ಒಬ್ಬರು ಸೊಗಸು. ರಾತ್ರಿ ಬಿಡಾರದಲ್ಲಿ ಬೆಂಕಿಯ ಸುತ್ತ ಕೂತಾಗ ಮಾತಾಡಿಸಬೇಕು, ಮನಸ್ಸಿಗೆ ಹಿಡಿಸುವ ಕಾಣಿಕೆ ಕೊಡಬೇಕು. ಕೊಟ್ಟರೆ ನಮ್ಮ ಮೇಲಿನ ಅವರ ಪ್ರೀತಿ ಅಂಕಿಯಲ್ಲಿ ಏರುತ್ತದೆ. ಅಳಿಯನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸುರೇಬಾನದ ಶಬರಿಕೊಳ್ಳ ಇರುವ ತಾಲೂಕಿನ ಹುಡುಗ ಅವನು. ಕಾಣಿಕೆ ಸಣ್ಣದಾದರೂ ಪ್ರೀತಿಯ ಅಂಕಿ ಎಷ್ಟು ಏರಬಹುದು ಎಂಬುದನ್ನು ಆ ಮುದುಕಿ ಬಾರಿಹಣ್ಣಿನಲ್ಲೇ ತೋರಿಸಿಲ್ಲವೇ?

ಈ ಆಟಗಳಲ್ಲಿ ಕಾದಾಟಕ್ಕೆ ಮುಂಚೆ ಆದಷ್ಟು ಆಟವನ್ನು ಸೇವ್ ಮಾಡಿ ಇಟ್ಟುಕೊಳ್ಳಬೇಕು. ಸತ್ತರೆ ಅಲ್ಲಿಂದ ಮತ್ತೆ ಎದ್ದು ಬರಬಹುದು. ಒಂದು ಸಂಜೆ ಅಳಿಯ ದೊಡ್ಡ ಕಾದಾಟದಲ್ಲಿ ಮುಳುಗಿದ್ದಾಗ ನಾನು ಅಡುಗೆಮನೆಯಿಂದಲೇ ಕೂಗಿದೆ, ‘ಸೇವ್ ಮಾಡೀಯೇನೋ?’

ಅವ್ವ ಅಷ್ಟೇ ಜೋರಾಗಿ ಕೂಗಿದಳು, ‘ಶೇವು ನಿನ್ನೆನs ಮಾಡೇನಿ. ಡಬ್ಬ್ಯಾಗ ಐತಿ!’

ಅವನು ನಗಲಿಕ್ಕೆಂದು ಕೈ ಎತ್ತಿದ. ಆ ಗಳಿಗೆಗೇ ಕರೆಂಟು ಹೋಯಿತು. ಮೂರು ತಾಸಿನ ಪರಾಕ್ರಮ ಕತ್ತಲೆಯ ಪಾಲು. ಉಳಿದದ್ದು ಡಬ್ಬಿಯೊಳಗಿನ ಶೇವು ಒಂದೇ. ಮೇಣದಬತ್ತಿಯ ಬೆಳಕಿನಲ್ಲಿ ಅದನ್ನೇ ತಿಂದೆವು.

ನಾಲ್ಕನೇ ದಿನ ಎರಡನೇ ಭಾಗ ಹಾಕಿದ, ಮತ್ತು ಜಗಳ ಶುರುವಾಯಿತು. ಎರಡನೆಯದು ಕೆಟ್ಟಿತು ಎಂಬುದು ಅವನ ವಾದ. ನನಗೆ ಯಾಕೋ ಅದೇ ಹಿಡಿಸಿತು. ಮಾವ-ಅಳಿಯ ಇಬ್ಬರೂ ಹರದೇಶಿ-ನಾಗೇಶಿ ಹಾಡಿಕಿಯವರ ಹಾಗೆ ಎದುರು-ಬದುರು ನಿಂತೆವು. ಡಪ್ಪು, ತುಂತುಣಿ ಇರಲಿಲ್ಲ.

ಅವನ ಮೊದಲ ಆಪಾದನೆ ಗವಿಯದು. ‘ನೋಡಿಲ್ಲೆ ಮಾಮಾ, ನಿನ್ನೆ ಕಳ್ಳರನ್ನ ಹೊಡದದ್ದು ಇದs ಗವಿ. ಇವತ್ತ ಜೇಡ ಹೊಡ್ಯಾಕ ಬಂದದ್ದೂ ಇದs ಗವಿ. ನಾಳೆ ಇನ್ನೊಬ್ಬ ಬರ್ತಾನು, ಅವಂದೂ ಇದs!’ ನಿಜ. ನಕ್ಷೆಯಲ್ಲಿ ಪೂರ್ತಿ ಗವಿ ಕಾಣುತ್ತದೆ. ಎದುರಿಗೆ ಹೋದರೆ ಬಾಗಿಲಿಗೆ ಒಂದು ಚಪ್ಪಡಿ ಕಲ್ಲು. ಆ ಕಡೆಯ ಬಾಗಿಲು ಮುಚ್ಚಿ, ಈ ಕಡೆಯದು ತೆರೆದು, ಇದು ಬೇರೆ ಗವಿ ಎನ್ನುತ್ತಾರೆ. ಮೊದಲ ಭಾಗ ಬಂದ ಹದಿನಾರು ತಿಂಗಳಿಗೇ ಎರಡನೆಯದನ್ನು ಪೇಟೆಗೆ ತಂದ ಅವಸರದ ಫಲ.

ಆದರೆ ಈ ದೂರನ್ನು ನನ್ನಂಥವನ ಮುಂದೆ ತಂದದ್ದು ಅವನ ತಪ್ಪು. ಸವದತ್ತಿ ತಾಲೂಕಿನ ಏಣಗಿ ಎಂಬ ಹಳ್ಳಿ ಏಣಗಿ ಬಾಳಪ್ಪನವರನ್ನು ಕೊಟ್ಟ ನೆಲ. 1914ರಲ್ಲಿ ಹುಟ್ಟಿ 2017ರವರೆಗೆ, ನೂರು ದಾಟಿ ಬದುಕಿದ ರಂಗಜೀವ. ಆ ಸೀಮೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವನು ನಾನು. ಎಲ್ಲಮ್ಮನ ಜಾತ್ರೆಗೆ ಅಪ್ಪ ಕರೆದುಕೊಂಡು ಹೋದಾಗ ನೋಡಿದ ಒಂದು ಕಂಪನಿಯ ಹತ್ತಿರ ಇದ್ದದ್ದು ನಾಲ್ಕೇ ಪರದೆ: ಅರಮನೆ, ರಸ್ತೆ, ಬಡವರ ಮನೆ, ಕಾಡು. ಕಾಡಿನ ಪರದೆಯಲ್ಲಿ ಒಂದು ಜಿಂಕೆ ಇತ್ತು. ಅದರ ಹಿಂಗಾಲಿನ ಹತ್ತಿರ ಪರದೆ ಹರಿದು, ಬೇರೆ ಬಣ್ಣದ ಬಟ್ಟೆಯ ತೇಪೆ ಹಾಕಿದ್ದರು. ದೂರದಿಂದ ಜಿಂಕೆ ಪಟ್ಟಿ ಕಟ್ಟಿಸಿಕೊಂಡ ಹಾಗೆ ಕಾಣುತ್ತಿತ್ತು. ಆ ಜಿಂಕೆಯ ಮುಂದೆಯೇ ರಾಮ ವನವಾಸಕ್ಕೆ ಹೋದ. ಮರುದಿನ ಅದೇ ಜಿಂಕೆಯ ಮುಂದೆ ನಳ ದಮಯಂತಿಯನ್ನು ಬಿಟ್ಟು ನಡೆದ. ಮೂರನೇ ದಿನ ಸಾಮಾಜಿಕ ನಾಟಕದ ದರೋಡೆಕೋರ ಅದರ ಮುಂದೆಯೇ ಸಾಹುಕಾರನ ಕೈಕಾಲು ಕಟ್ಟಿದ. ಮೂರೂ ದಿನ ಜನ ಅತ್ತರು. ಒಬ್ಬನೂ ಎದ್ದು ನಿಂತು ‘ಏ, ಅದs ಜಿಂಕಿ!’ ಎನ್ನಲಿಲ್ಲ.

‘ಅದು ಬ್ಯಾರೆ ಮಾಮಾ, ಆ ಕಂಪನಿಯವರ ಕಡೆ ರೊಕ್ಕ ಇರಲಿಲ್ಲ. ಇವರ ಕಡೆ ಐತೆಲ್ಲ?’ ಎಂದ. ಈ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮಾಸ್ತರರ ಪದ್ಧತಿಯಂತೆ, ‘ಮುಂದಿನ ಪ್ರಶ್ನೆ’ ಎಂದೆ.

ಎರಡನೇ ಆಪಾದನೆ ಮಾತಿನದು. ಮೊದಲ ಭಾಗದ ನಾಯಕ ಮೂಕ. ಐದಾರು ಸಾಲು ಮಾತು ಪರದೆಯ ಮೇಲೆ ಬರೆದು ತೋರಿಸುತ್ತಾರೆ, ನಾವು ಒಂದನ್ನು ಆರಿಸಬೇಕು. ದನಿ ನಮ್ಮ ತಲೆಯೊಳಗಿನದು. ಎರಡನೆಯದರಲ್ಲಿ ನಾಯಕನಿಗೆ ಬಾಯಿ ಬಂದಿದೆ, ಆಯ್ಕೆ ಮಾತ್ರ ಕುಗ್ಗಿದೆ. ಎಲೆಯ ಗುರುತು ಒತ್ತಿದರೆ ಮೆತ್ತಗಿನ ಮಾತು, ನಗೆಮುಖ ಒತ್ತಿದರೆ ಚೇಷ್ಟೆ, ಮುಷ್ಟಿ ಒತ್ತಿದರೆ ಬಿರುಸು. ‘ಮನುಷ್ಯಾ ಅಂದ್ರ ಮೂರs ನಮೂನಿ ಮಾತಾಡ್ತಾನೇನು?’ ಎಂದು ಅಳಿಯನ ತಕರಾರು. ನನ್ನ ತಕರಾರು ಬೇರೆ: ಅವನ್ನು ಬಿಡಿಸಿ ಇಟ್ಟದ್ದೇ ತಪ್ಪು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ದರ ಕೇಳಿ ನೋಡಿ. ‘ಬರ್ರಿ ಸಾಹೇಬ್ರ, ಕೊಳ್ಳಾವ್ರಂಗ ಕಾಣೂದಿಲ್ಲ, ನೆರಳಿಗಿ ಬಂದಿರೇನು?’ ಎಲೆ, ನಗೆಮುಖ, ಮುಷ್ಟಿ ಮೂರೂ ಒಂದೇ ಉಸಿರಿನಲ್ಲಿ ಬಂದವು.

ಮೂರನೆಯದೇ ದೊಡ್ಡದು: ಎರಡನೇ ಭಾಗದ ಕಥೆ ಸಣ್ಣದು. ದೇಶವಿಲ್ಲ, ದಂಡಯಾತ್ರೆಯಿಲ್ಲ. ಹಾಕ್ ಎಂಬ ಒಬ್ಬ, ಮೊದಲ ಭಾಗದ ಯುದ್ಧದಲ್ಲಿ ಊರು ಬಿಟ್ಟವನು, ತಾಯಿಯನ್ನು ಕರೆದುಕೊಂಡು ಕರ್ಕ್‌ವಾಲ್ ಎಂಬ ಶಹರಕ್ಕೆ ಗುಳೆ ಬರುತ್ತಾನೆ. ದಾರಿಯಲ್ಲೇ ಒಡಹುಟ್ಟಿದವರಲ್ಲಿ ಒಬ್ಬರು ಸಾಯುತ್ತಾರೆ. ಆಮೇಲೆ ಏಳೆಂಟು ವರ್ಷ ಅದೇ ಶಹರ, ಅದೇ ಓಣಿ, ಅದೇ ಮೆಟ್ಟಿಲು. ಒಂದು ವ್ಯಾಪಾರದಲ್ಲಿ ಪಾಲು ಹಾಕಲಿಕ್ಕೆ ಐವತ್ತು ಚಿನ್ನದ ನಾಣ್ಯ ಕೂಡಿಸಬೇಕು. ಅದಕ್ಕಾಗಿ ಅವರಿವರ ಸಣ್ಣಪುಟ್ಟ ಕೆಲಸ ಮಾಡುತ್ತ ಅಲೆಯುತ್ತಾನೆ. ಮೊದಲ ಭಾಗದವನು ಜಗತ್ತನ್ನು ಉಳಿಸಿದ. ಇವನು ಉಳಿಸಿದ್ದು ರೊಕ್ಕ. ಪತ್ತಿನ ಸಂಘದ ಕಂತು ಕಟ್ಟಿ ಗೊತ್ತಿರುವ ನನಗೆ ಯಾರ ಪರಾಕ್ರಮ ದೊಡ್ಡದು ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ಅಷ್ಟರಲ್ಲಿ ಪರದೆಯ ಮೇಲೆ ಒಂದು ಮುರುಕು ಮನೆ, ಅದರಲ್ಲಿ ಒಬ್ಬ ಗೊಣಗುವ ಗಂಡಸು ಕಂಡ. ಅಳಿಯ ಅವನನ್ನು ನೋಡಿದ, ನನ್ನನ್ನು ನೋಡಿದ.

‘ಇವ ಗ್ಯಾಮ್ಲೆನ್. ಹಾಕ್‌ನ ಸ್ವಾದರಮಾವ.’

‘ಹೌದಾ? ಒಳ್ಳೆಯವನೇನು?’

‘ಹಾಕ್‌ನ ಅವ್ವಗ ಬರಬೇಕಾದ ದೊಡ್ಡ ಮನೀನ ಜೂಜಾಡಿ, ಸಾಲ ಮಾಡಿ ಕಳದಾನ. ಅವರಪ್ಪ ಬರದಿಟ್ಟ ಮೃತ್ಯುಪತ್ರಾನೂ ಆಕಿಗಿ ತೋರಿಸಿಲ್ಲ.’

ಪಡಸಾಲೆಯಲ್ಲಿ ಬತ್ತಿ ಹೊಸೆಯುವುದು ನಿಂತಿತು. ನಾನು, ‘ಇದು ಕಥಿ’ ಎಂದೆ. ‘ಹೌದು, ಕಥಿನs’ ಎಂದ ಅಳಿಯ, ಮೊದಲ ಭಾಗದ ನಾಯಕನಷ್ಟೇ ಮೂಕವಾಗಿ ಪರದೆ ನೋಡುತ್ತ.

ಸೋದರಮಾವಂದಿರ ಮಾನ ಕಾಯುವ ಹೊಣೆ ನನ್ನ ಮೇಲೆ ಬಿತ್ತು. ಕೈಯಲ್ಲಿದ್ದ ಕೊನೆಯ ಅಸ್ತ್ರ ತೆಗೆದೆ: ಇತಿಹಾಸ. ನರಕ ಚತುರ್ದಶಿಗೆ ಎಂಟೇ ದಿನ ಮುಂಚೆ, ಅಕ್ಟೋಬರ್ 23ಕ್ಕೆ, ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿತ್ತು. ಊರ ತುಂಬ ಅದೇ ಮಾತು.

‘ಕೇಳು. ನಮ್ಮ ಕಥೀಗೂ ಎರಡು ಭಾಗ ಅದಾವ. ಮೊದಲ್ನೇದ್ದು 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟಿ ಮುಂದ ತೋಪು ತಂದು ನಿಲ್ಲಿಸಿದ. ಅಮಟೂರ ಬಾಳಪ್ಪನ ಗುಂಡು ಬಿತ್ತು, ಥ್ಯಾಕರೆ ಹೋದ. ಸ್ಟೀವನ್‌ಸನ್, ಎಲಿಯಟ್ ಅನ್ನೂ ಇಬ್ಬರು ಸಾಹೇಬ್ರು ಸೆರಿ ಸಿಕ್ಕರು. ಜಯಜಯ. ಎರಡನೇದ್ದು?’

‘ಡಿಸೆಂಬರ್.’

‘ಹಾಂ. ನಿನ್ನ ಕಂಪನಿ ಎರಡನೇ ಭಾಗಕ್ಕ ಹದಿನಾರು ತಿಂಗಳು ತಗೊಂಡಿತು. ಈಸ್ಟ್ ಇಂಡಿಯಾ ಕಂಪನಿ ಆರs ವಾರದಾಗ ತಂತು. ಅದs ಕೋಟಿ, ಅದs ಬಾಗಿಲಾ, ಖರೆ ದಂಡು ದೊಡ್ಡದು. ಅದರಾಗೂ ಸೊಲ್ಲಾಪುರದ ಸಬ್‌ಕಲೆಕ್ಟರ್ ಮನ್ರೋ ಸತ್ತ. ಆದ್ರೂ ಕೋಟಿ ಬಿತ್ತು. ಮದ್ದಿನಾಗ ಸಗಣಿ ಕಲಿಸಿದ್ರು ಅಂತ ಮಂದಿ ಇವತ್ತಿಗೂ ಹೇಳ್ತಾರ.’

‘ಅಂದ್ರ ಎರಡನೇ ಭಾಗ ಕೆಟ್ಟಿತು ಅಂತ ನೀನs ಒಪ್ಪಿದಂಗಾತು.’

ಹುಡುಗ ಚುರುಕು. ಆದರೆ ಹೇಳುತ್ತ ಹೇಳುತ್ತ ನನಗೇ ನನ್ನ ಹಟದ ಬೇರು ಸಿಕ್ಕಿಬಿಟ್ಟಿತ್ತು. ಮೊದಲ ಭಾಗ ಕಿತ್ತೂರಿನದು. ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ಉತ್ಸವ, ಮಂತ್ರಿಗಳು, ಮೆರವಣಿಗೆ, ದೀಪದ ಸರ ಎಲ್ಲ ಅಲ್ಲಿಗೆ. ಎರಡನೇ ಭಾಗ ಬಂದು ಇಳಿದದ್ದು ನಮ್ಮ ಊರಿನಲ್ಲಿ. ಸೋತ ಕಿತ್ತೂರ ರಾಣಿಯನ್ನು ತಂದು ಇಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. ನಾಲ್ಕು ವರ್ಷಕ್ಕೂ ಮಿಕ್ಕಿ ಆಕೆ ಇಲ್ಲೇ ಇದ್ದಳು, ಗೋಡೆಯಾಚೆಯ ಸುದ್ದಿಗೆ ಕಿವಿಗೊಟ್ಟು. 1829ರ ಫೆಬ್ರುವರಿಯಲ್ಲಿ ಇಲ್ಲೇ ತೀರಿಕೊಂಡಳು; ಸಮಾಧಿ ಇಲ್ಲೇ ಇದೆ. ಅದೇ ಸೋಲಿನ ಹೊಟ್ಟೆಯಿಂದ, ಇಲ್ಲಿಂದ ಹತ್ತಿರದ ಸಂಗೊಳ್ಳಿಯ ರಾಯಣ್ಣ ಎದ್ದು, 1831ರ ಜನವರಿ 26ಕ್ಕೆ ನಂದಗಡದಲ್ಲಿ ನೇಣಿಗೇರುವ ತನಕ ಕಂಪನಿಯವರಿಗೆ ನಿದ್ದೆ ಕೊಡಲಿಲ್ಲ. ಗೀಗೀ ಮೇಳದವರು ಹಾಡಿದ್ದು ಅವನನ್ನು.

ಗೆದ್ದ ದಿನಕ್ಕೆ ಹಾರ ಹಾಕಲು ಕೈಗಳು ಬೇಕಾದಷ್ಟು ಸಿಗುತ್ತವೆ. ಸೋತ ಮೇಲಿನ ನಾಲ್ಕು ವರ್ಷವನ್ನು ಯಾರಾದರೂ ಇಟ್ಟುಕೊಳ್ಳಬೇಕಲ್ಲ; ನಮ್ಮ ಊರು ಇಟ್ಟುಕೊಂಡಿತು. ಅಂಥ ಊರಿನವನ ಮುಂದೆ ಅದೇ ಗವಿ, ಅದೇ ಓಣಿ, ಸಣ್ಣ ಕಥೆ ಎಂದು ಎರಡನೇ ಭಾಗವನ್ನು ಬೈದರೆ ನೆರೆಯವರನ್ನು ಬೈದ ಹಾಗೆ ಕೇಳುತ್ತದೆ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಮಾತು ಬರೋಬ್ಬರಿ ಐತಿ ಮಾಮಾ’ ಎಂದ. ಮೆತ್ತಗಿನ ಎಲೆಯ ಗುರುತು. ಆಮೇಲೆ, ‘ಆದ್ರೂ ಗವಿ ಅದs’ ಎಂದ. ಮುಷ್ಟಿ.

ಸೂಟಿ ಮುಗಿದ ದಿನ ಅವನನ್ನು ಸವದತ್ತಿ ಹಾಯ್ದು ಹೋಗುವ ಬಸ್ಸಿಗೆ ಹತ್ತಿಸಿ ಬಂದೆ. ಒಬ್ಬನೇ ಕೂತು ಎರಡನೇ ಭಾಗದ ಕೊನೆ ಮುಟ್ಟಿಸಿದೆ. ಕೊನೆಯಲ್ಲಿ ಮಾಂತ್ರಿಕರ ಪಕ್ಷವೋ ಅವರನ್ನು ಕಾಯುವ ಸಿಪಾಯಿಗಳ ಪಕ್ಷವೋ ಎಂದು ಕೇಳುತ್ತಾರೆ. ಬಹಳ ಯೋಚಿಸಿ ಒಂದನ್ನು ಆರಿಸಿದೆ. ಯಾವುದನ್ನು ಆರಿಸಿದರೂ ಎರಡೂ ಕಡೆಯ ಮುಖಂಡರ ಸಂಗಡ ಹೊಡೆದಾಡಲೇಬೇಕು. ಮದುವೆಯಾದ ಮೇಲೆ ಅವ್ವನ ಪಕ್ಷವೋ ಹೆಂಡತಿಯ ಪಕ್ಷವೋ ಎಂಬ ಪ್ರಶ್ನೆ ಬಂದಾಗ ನನಗೂ ಹೀಗೆಯೇ ಆಗಿತ್ತು. ಈ ಆಟ ಮಾಡಿದವರು ಸಂಸಾರಸ್ಥರು, ಅದರಲ್ಲಿ ಅನುಮಾನವಿಲ್ಲ.

ಅಂದು ರಾತ್ರಿ ರಾಮದುರ್ಗದಿಂದ ತಂಗಿಯ ಫೋನು. ಹುಡುಗ ಸುಖವಾಗಿ ಮುಟ್ಟಿದ್ದ, ಕರ್ಚಿಕಾಯಿ ಮುರಿದಿರಲಿಲ್ಲ, ಶೇವು ಚಲೋ ಇತ್ತು. ಆಮೇಲೆ ಸ್ವಲ್ಪ ಮೌನ.

‘ಅಣ್ಣಾ, ಏನರ ತಿಳ್ಕೋಬ್ಯಾಡ. ಅಪ್ಪನ ಟ್ರಂಕಿನಾಗ ಹೊಲದ ಉತಾರಾ, ಕಾಗದಪತ್ರ ಇದ್ದೂವಲ್ಲ... ಅದರ ಕೀಲಿ ಯಾರ ಕಡೆ ಐತಿ?’

ಎಲೆಯೋ, ನಗೆಮುಖವೋ, ಮುಷ್ಟಿಯೋ ಎಂದು ನಾನು ತಡಕಾಡುತ್ತಿರುವಾಗಲೇ ಅವ್ವ ಪಡಸಾಲೆಯಿಂದ ಎದ್ದು ಬಂದಳು. ಸೆರಗಿನ ತುದಿಯ ಗಂಟನ್ನು ಫೋನಿನ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದಳು. ಕೀಲಿ ಕಿಣಿಗುಟ್ಟಿತು.

‘ಕೇಳಿಸ್ತೇನು?’ ಎಂದಳು. ‘ಹುಡುಗಗ ಹೇಳು, ಇಲ್ಲಿ ಆಟಾ ಇನ್ನೂ ನನ್ನದs ನಡದೈತಿ ಅಂತ.’