ದೇವರ ಚಿತ್ತವಾದರೆ ಬರ್ತೀನಿ ಅಯ್ಯನೋರೆ

ಶನಿವಾರ ಸಾಯಂಕಾಲ ಚರ್ಚ್ ತೊಳೆಯೋದಿದೆ, ಬರ್ತೀರಾ ಅಂತ ಅಯ್ಯನೋರು ಕೇಳಿದ್ರೆ ನೀವೇನಂತೀರಿ? "ದೇವರ ಚಿತ್ತವಾದರೆ ಬರ್ತೀನಿ ಅಯ್ಯನೋರೆ." ಅವರು ಅನುಭವಸ್ಥರು, ಅಷ್ಟು ಕೇಳಿದ್ದೇ ಲಿಸ್ಟಿನಲ್ಲಿ ನಿಮ್ಮ ಹೆಸರಿನ ಮೇಲೆ ಗೀಟು ಎಳೀತಾರೆ. ಅದೇ ಸುಗ್ಗಿ ಹಬ್ಬಕ್ಕೆ ಮಟನ್ ಬಿರಿಯಾನಿ ಅಂದಾಗ ಚಿತ್ತದ ಸುದ್ದಿಯೇ ಇಲ್ಲ. "ಎಷ್ಟೊತ್ತಿಗೆ ಬರ್ಬೇಕು?" ಹೌದೋ ಅಲ್ವೋ?

ಯಾಕೋಬ ತನ್ನ ಪತ್ರಿಕೆಯ ನಾಲ್ಕನೇ ಅಧ್ಯಾಯದಲ್ಲಿ ಈ ಮಾತು ಹೇಳಿಕೊಟ್ಟಿದ್ದು ಬೇರೆ ಥರದ ಜನಕ್ಕೆ. ಇವತ್ತೋ ನಾಳೆಯೋ ಇಂಥ ಊರಿಗೆ ಹೋಗ್ತೀವಿ, ಒಂದು ವರ್ಷ ವ್ಯಾಪಾರ ಮಾಡ್ತೀವಿ, ಲಾಭ ಎಣಿಸ್ತೀವಿ ಅಂತ ಜಂಬ ಕೊಚ್ಚೋರಿಗೆ. ನಾಳೆ ಬದುಕಿರ್ತೀರೋ ಇಲ್ವೋ, ಸ್ವಲ್ಪ ತಗ್ಗಿ ಮಾತಾಡ್ರಯ್ಯಾ ಅಂದ. ಪೊರಕೆ, ಬಕೆಟ್ಟು ತಪ್ಪಿಸ್ಕೊಳ್ಳೋಕೆ ಅದು ಇಷ್ಟು ಚೆನ್ನಾಗಿ ಒದಗುತ್ತೆ ಅಂತ ಅವನಿಗೇನು ಗೊತ್ತು?

ಸೈಟಿನ ವಿಷಯಕ್ಕೆ ಬನ್ನಿ. ಅಡ್ವಾನ್ಸ್ ಕೊಟ್ಟಾಗಿದೆ. ಮನೆ ಪ್ಲಾನು ಆಗಲೇ ಫ್ರಿಜ್ಜಿನ ಮೇಲೆ ಸುರುಳಿ ಸುತ್ಕೊಂಡು ಕೂತಿದೆ. ಆಮೇಲೆ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, "ಒಂದು ಸೈಟ್ ನೋಡಿದ್ದೀವಿ, ಕರ್ತನ ಚಿತ್ತ ತಿಳಿಯೋ ಹಾಗೆ ಪ್ರಾರ್ಥನೆ ಮಾಡಿ" ಅಂತೀರಿ. ಲೋನ್ ಸಿಕ್ಕಿದ್ರೆ ಕರ್ತನೇ ಬಾಗಿಲು ತೆರೆದ, ಸಿಗದಿದ್ರೆ ಸೈತಾನನ ಅಡ್ಡಿ. (ಪಾಪ, ತಾನು ಯಾವ ವಾರ ಯಾರ ಪಾರ್ಟಿ ಅಂತ ಆ ಬ್ಯಾಂಕ್ ಮ್ಯಾನೇಜರಿಗೇ ಗೊತ್ತಿರಲ್ಲ.)

ಗುರುತು ಕೇಳಿದ್ರೆ ತಪ್ಪೇನು, ಗಿದ್ಯೋನ ಕೇಳ್ಲಿಲ್ವಾ ಅಂತೀರಿ. ಕೇಳಿದ. ಕಣದಲ್ಲಿ ಕುರಿ ಉಣ್ಣೆ ಹಾಕ್ತೀನಿ, ಉಣ್ಣೆ ಮಾತ್ರ ಮಂಜಿಗೆ ನೆನೀಲಿ, ನೆಲ ಒಣಗಿರ್ಲಿ ಅಂದ. ಬೆಳಿಗ್ಗೆ ಹಿಂಡಿದ್ರೆ ಬಟ್ಟಲು ತುಂಬಾ ನೀರು. ಸಾಕಾಯ್ತಾ? ಎಲ್ಲಿ! ಇನ್ನೊಂದು ಸಲ, ಈಗ ಉಲ್ಟಾ ಮಾಡಿ ತೋರಿಸು ಅಂದ. ಆದರೆ ನ್ಯಾಯಸ್ಥಾಪಕರು ಆರನೇ ಅಧ್ಯಾಯವನ್ನ ಸ್ವಲ್ಪ ಮೇಲಿನಿಂದ ಓದ್ಕೊಂಡು ಬನ್ನಿ. ಹೋಗು, ಇಸ್ರಾಯೇಲ್ಯರನ್ನ ಬಿಡಿಸು ಅಂತ ಅವನಿಗೆ ಮೊದಲೇ ಹೇಳಿಯಾಗಿತ್ತು, ಕಿವಿಗೂ ಬಿದ್ದಿತ್ತು. ಮಿದ್ಯಾನ್ಯರ ಹೆದರಿಕೆಗೆ ಉಣ್ಣೆ ಹಾಸಿದ್ದು ಕಣ್ರೀ, ದೇವರ ಚಿತ್ತ ಗೊತ್ತಿಲ್ಲದೆ ಅಲ್ಲ.

ಡಿಸೆಂಬರ್ 31ರ ರಾತ್ರಿ ಆರಾಧನೆ ನೆನಪು ಮಾಡ್ಕೊಳ್ಳಿ. ಸ್ಟೀಲ್ ತಟ್ಟೆ ತುಂಬಾ ವಾಗ್ದಾನದ ಕಾರ್ಡುಗಳು, ಚಿನ್ನದ ಬಣ್ಣದ ಅಂಚು, ಬರಹ ಕೆಳಗೆ ಮಾಡಿ ಜೋಡಿಸಿರ್ತಾರೆ. ತಟ್ಟೆ ನಿಮ್ಮ ಬೆಂಚಿಗೆ ಬರುತ್ತೆ. ಕಣ್ಣು ಮುಚ್ಚಿ, ಭಕ್ತಿಯಿಂದ, ಮೇಲಿನದನ್ನ ಬಿಟ್ಟು ನಡುವಿಂದ ಒಂದು ಎಳೀತೀರಿ. (ಮೇಲಿನದರಲ್ಲಿ ಕರ್ತ ಮಾತಾಡಲ್ವಾ?) ತಿರುಗಿಸಿದ್ರೆ ಸಂಕಟದಲ್ಲಿ ತಾಳ್ಮೆ ಕಲೀಬೇಕು ಅನ್ನೋ ಥರದ ವಚನ. ಪಕ್ಕದವರು ಹಾಡಿನ ಪುಸ್ತಕ ತಿರುವಿ ಹಾಕ್ತಿದ್ದಾರೆ, ಯಾರೂ ನೋಡ್ತಿಲ್ಲ. ಹೆಬ್ಬೆರಳಿಂದ ಮೆಲ್ಲಗೆ ವಾಪಸ್ ತಳ್ಳಿ ಇನ್ನೊಂದು ತಗೋತೀರಿ. ಆಹಾ! ಆಶೀರ್ವಾದ, ಸಮೃದ್ಧಿ, ದನಕರು, ಧಾನ್ಯ! ಇದು ನನಗೇ ಅಂತ ಕೊಟ್ಟಿದ್ದು ಅಂತ ಕಣ್ಣು ಒದ್ದೆ ಮಾಡ್ಕೊಂಡು ಪರ್ಸಿಗೆ ಸೇರಿಸ್ತೀರಿ.

ನಾಚ್ಕೋಬೇಡಿ. ಚೀಟಿ ಎತ್ತೋದಕ್ಕೆ ದೊಡ್ಡ ಮನೆತನವೇ ಇದೆ. ಯೂದನ ಜಾಗಕ್ಕೆ ಮತ್ತೀಯನನ್ನ ಆರಿಸಿದ್ದೇ ಚೀಟು ಹಾಕಿ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನ ಚೀಟಿ ಎತ್ತಿ ಆರಿಸಿ, 1731ರಿಂದ ವರ್ಷ ವರ್ಷ ಪುಸ್ತಕ ಅಚ್ಚು ಹಾಕಿಸ್ತಾ ಬಂದಿದ್ದಾರೆ. ಒಂದು ಕಾಲದಲ್ಲಿ ಅವರಲ್ಲಿ ಮದುವೆಗೂ ಚೀಟಿಯೇ.

ಅವರ ಸಹವಾಸದಲ್ಲಿ ಇದನ್ನ ಕಲಿತವರು ಜಾನ್ ವೆಸ್ಲಿ. ನಮ್ಮ ಮೈಸೂರು ಸೀಮೆಗೆ ಸ್ಕೂಲು, ಆಸ್ಪತ್ರೆ, ಪ್ರೆಸ್ಸು ತಂದ ವೆಸ್ಲಿಯನ್ ಮಿಷನ್ ಇದೆಯಲ್ಲ, ಅದರ ಹೆಸರೇ ಅವರಿಂದ. 1737ರಲ್ಲಿ ಅಮೆರಿಕದ ಸವಾನಾದಲ್ಲಿದ್ದಾಗ ಸೋಫಿ ಹಾಪ್ಕಿ ಅನ್ನೋ ಹುಡುಗಿ ಮೇಲೆ ಮನಸ್ಸಾಯ್ತು. ಹುಡುಗಿಯನ್ನ ಕೇಳಿ ಇತ್ಯರ್ಥ ಮಾಡ್ಕೊಳ್ಳೋದು ಬಿಟ್ಟು ಮೂರು ಚೀಟಿ ಬರೆದ್ರು. ಮದುವೆಯಾಗು ಅಂತ ಒಂದು, ಈ ವರ್ಷ ಬೇಡ ಅಂತ ಇನ್ನೊಂದು, ಆ ಯೋಚನೆಯನ್ನೇ ಬಿಡು ಅಂತ ಮತ್ತೊಂದು. ಬಂದದ್ದು ಮೂರನೆಯದು!

ಸರಿ, ದೇವರ ಚಿತ್ತ ಅಂತ ಒಪ್ಪಿದ್ರು. ಸೋಫಿ ಅದೇ ತಿಂಗಳು ಬೇರೊಬ್ಬನನ್ನ ಮದುವೆಯಾದಳು. ಅಷ್ಟಕ್ಕೇ ಮುಗೀತಾ? ಕೆಲವು ತಿಂಗಳಾದ ಮೇಲೆ ವೆಸ್ಲಿ ಅವಳಿಗೆ ಕರ್ತನ ಭೋಜನ ಕೊಡಲ್ಲ ಅಂದ್ರು, ಗಂಡ ಕೋರ್ಟಿಗೆ ಎಳೆದ, ವರ್ಷದ ಕೊನೆಗೆ ಅಯ್ಯನೋರು ಊರೇ ಬಿಟ್ರು. ಬಿಡು ಅಂತ ಚೀಟಿ ಹೇಳಿತು, ಒಳಗಿನವನು ಬಿಟ್ಟಿರಲಿಲ್ಲ, ಅಷ್ಟೇ. ನೀವಾಗಿದ್ರೆ ಇನ್ನೂ ಎರಡು ಸಲ ಎತ್ತಿರ್ತಿದ್ರಿ ಬಿಡಿ.

ನಿಮ್ಮ ಮನೆ ಮದುವೆ ಮಾತೂ ಗೊತ್ತು ನನಗೆ. ಹುಡುಗ ಕೆನಡಾದಲ್ಲಿದ್ರೆ ಒಂದೇ ರಾತ್ರಿಯ ಪ್ರಾರ್ಥನೆಗೆ "ಒಳಗೆ ಸಮಾಧಾನ ಬಂತು". ಹಾಸನದಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ರೆ "ಇನ್ನೂ ಪ್ರಾರ್ಥನೆಯಲ್ಲಿದ್ದೀವಿ". (ಹುಡುಗನ ಕಡೆಯವರೂ ಸಭೆಯವರೇ, ಅರ್ಥ ಆಗುತ್ತೆ.) ಬಿಳಾಮನೂ ಹೀಗೇ. ಹೋಗಬೇಡ ಅಂತ ದೇವರು ಹೇಳಿದ ಮೇಲೂ, ಹೆಚ್ಚು ದೊಡ್ಡ ಮನುಷ್ಯರು ಬಂದು ಹೆಚ್ಚು ಕೊಡ್ತೀವಿ ಅಂದಾಗ ಮತ್ತೆ ಹೋಗಿ ಕೇಳಿದ. ಅಪ್ಪನ ಪ್ರಾಣ ತಿಂದು ತಿಂದು, "ಹೋಗ್, ಏನಾದ್ರೂ ಮಾಡ್ಕೊ" ಅನಿಸ್ಕೊಂಡು, "ಅಪ್ಪ ಒಪ್ಪಿದ್ರು" ಅಂತ ಟೂರಿಗೆ ಹೊರಡೋ ಮಗನ ಹಾಗೆ. ಆಮೇಲೆ ಕತ್ತೆ ಬಾಯಿಂದ ಬೈಸ್ಕೊಂಡ.

ಇಷ್ಟೆಲ್ಲಾ ಹುಡುಕ್ತೀವಲ್ಲ, ಕೃತಜ್ಞರಾಗಿರೋದೇ ನಿಮ್ಮ ವಿಷಯದಲ್ಲಿ ದೇವರ ಚಿತ್ತ ಅಂತ ಪೌಲ ಥೆಸಲೋನಿಕದವರಿಗೆ ಬಿಡಿಸಿ ಬರೆದಿದ್ದಾನೆ. ಕಾಣಿಕೆಯನ್ನ ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಯೇಸು ಹೇಳಿದ್ದೂ ಗುಟ್ಟಲ್ಲ. ಅದರ ಬಗ್ಗೆ ಯಾರಾದ್ರೂ ಉಪವಾಸ ಕೂತು, ಕರ್ತನೇ ನಿನ್ನ ಚಿತ್ತ ತೋರಿಸು ಅಂದದ್ದು ಕೇಳಿದ್ದೀರಾ? ಅಲ್ಲಿ ಅನುಮಾನಕ್ಕೆ ಜಾಗ ಇಲ್ವಲ್ಲ, ಅದೇ ಫಜೀತಿ.

ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಜೆಸ್ವಿತರ ಮೂಲಪುರುಷ ಇಗ್ನೇಷಿಯಸ್ ಲೊಯೋಲಾ. ಮರಿಯಮ್ಮನ ವಿಷಯದಲ್ಲಿ ವಾದ ಮಾಡಿ ಹೋದ ಒಬ್ಬನಿಗೆ ಚೂರಿ ಹಾಕ್ಲೋ ಬಿಡ್ಲೋ ತೋಚದೆ, ಲಗಾಮು ಸಡಿಲ ಬಿಟ್ಟು ಹೇಸರಗತ್ತೆಗೇ ತೀರ್ಮಾನ ಒಪ್ಪಿಸಿದ್ದ ಆಸಾಮಿ! (ಅದು ಬೇರೆ ದಾರಿ ಹಿಡೀತು, ಒಂದು ಜೀವ ಉಳೀತು.) ಅದೇ ಮನುಷ್ಯ ಆಮೇಲೆ ದೇವರ ಚಿತ್ತ ತಿಳಿಯೋದು ಹೇಗೆ ಅಂತ ಕೂತು ಪುಸ್ತಕ ಬರೆದ. ಅದರಲ್ಲೊಂದು ಉಪಾಯ ಇದೆ: ಮುಖ ಪರಿಚಯವೂ ಇಲ್ಲದ ಒಬ್ಬ ನಿಮ್ಮದೇ ಪ್ರಶ್ನೆ ಹೊತ್ಕೊಂಡು ಬಂದ ಅಂತ ಇಟ್ಕೊಳ್ಳಿ, ಅವನಿಗೇನು ಹೇಳ್ತೀರೋ ಅದನ್ನ ನೀವೇ ಮಾಡಿ.

ನಿಮಗಿದು ನೀರು ಕುಡಿದಷ್ಟು ಸುಲಭ. ಬೇರೆಯವರ ವಿಷಯದಲ್ಲಿ ದೇವರ ಚಿತ್ತ ನಿಮಗೆ ಯಾವತ್ತು ತಿಳೀದೆ ಹೋಗಿದೆ? ನೋಡಿ, ಒಬ್ಬ ಬಂದಿದ್ದಾನೆ. ಅಪ್ಪನ ಮನೆ ಪಾಲಿನ ಜಗಳದಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದಾನೆ, ತಮ್ಮನ ನಂಬರ್ ಮಾತ್ರ ಇನ್ನೂ ಫೋನಿನಲ್ಲಿದೆ. ಮಾಡ್ಲಾ, ಬೇಡ್ವಾ ಅಂತ ಕೇಳ್ತಿದ್ದಾನೆ. ಏನಂತೀರಿ? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ಲಿಲ್ಲ.