ಲೀಟರಿಗೆ ಎಷ್ಟು ಕೊಡ್ತದ?

ಕಂಪ್ಯೂಟರನ್ನು ಲೀಟರಿನಲ್ಲಿ ಅಳೆಯುವ ಕಾಲ ಬಂದಿದೆ. ಹಾಲು, ಸೀಮೆಎಣ್ಣೆ, ಡೀಸೆಲ್ಲುಗಳ ಸಾಲಿಗೆ ಈ ಯಂತ್ರವೂ ಸೇರಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಟ್ಟವನು ದೇವದುರ್ಗದ ನನ್ನ ತಂಗಿಯ ಮಗ. ಎಂಎಸ್‌ಐ ಕಂಪನಿಯ ಟ್ರೈಡೆಂಟ್ 3 ಎಂಬ ಆಟದ ಕಂಪ್ಯೂಟರು 4.72 ಲೀಟರು, ಕೋರ್ಸೇರ್ ಒನ್ ಸುಮಾರು 12 ಲೀಟರು, 2025ರಲ್ಲಿ ಬಂದ ಫ್ರೇಮ್‌ವರ್ಕ್ ಡೆಸ್ಕ್‌ಟಾಪು ನಾಲ್ಕೂವರೆ ಲೀಟರು ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಒಪ್ಪಿಸುತ್ತಿದ್ದ. ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಗುಣಿಸಿದರೆ ಬರುವ ಲೆಕ್ಕ ಅದು. ಮಾನ್ವಿಯಿಂದ ಬಂದಿದ್ದ ನಮ್ಮ ಸೋದರಮಾವ ಇದನ್ನೆಲ್ಲ ಗಮನವಿಟ್ಟು ಕೇಳಿ, ರೊಟ್ಟಿ ಮುರಿಯುತ್ತ, "ಅದೆಲ್ಲ ಖರೆ, ಲೀಟರಿಗೆ ಎಷ್ಟು ಕೊಡ್ತದ?" ಎಂದರು. ಹುಡುಗ ತಲೆ ಚಚ್ಚಿಕೊಂಡ. ನನಗೇನೋ ಮಾವನ ಪ್ರಶ್ನೆಯಲ್ಲಿ ಅರ್ಥವಿದೆ ಎನ್ನಿಸಿತು.

ಹುಡುಗ ಇಂಜಿನಿಯರಿಂಗ್ ಓದಲು ರಾಯಚೂರಿಗೆ ಬಂದು ನಮ್ಮಲ್ಲೇ ಇದ್ದಾನೆ. ಅವನಿಗೆ ಬೇಕಾದದ್ದು ಆಟ ಆಡುವ ಕಂಪ್ಯೂಟರು. ಮನೆಯವರಿಗೆ ಹೇಳಿದ್ದು ಓದುವ ಕಂಪ್ಯೂಟರು. ಎರಡೂ ಒಂದೇ ಯಂತ್ರವಾದ್ದರಿಂದ ಸುಳ್ಳೇನೂ ಹೇಳಿದಂತಾಗಲಿಲ್ಲ. ಸಣ್ಣದೇ ಏಕೆ ಬೇಕೆಂಬುದಕ್ಕೂ ಅವನಲ್ಲಿ ಕಾರಣವಿತ್ತು: ಹಬ್ಬಕ್ಕೆ, ರಜೆಗೆ ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಬೇಕು, ತೊಡೆಯ ಮೇಲೆ ಇಟ್ಟುಕೊಂಡು ಕೂಡಬೇಕು. ಲ್ಯಾಪ್‌ಟಾಪು ಆಗದೇ ಎಂದರೆ, ಅದು ಕಾದರೆ ಬೆರಳು ಸುಡುತ್ತದೆ, ಬಿಚ್ಚಿದರೆ ಒಳಗೆ ಬದಲಿಸಲು ಏನೂ ಇರುವುದಿಲ್ಲ ಎಂದ. ಆ ಎರಡನೇ ಮಾತನ್ನು ನಾನು ನೆನಪಿಟ್ಟುಕೊಂಡೆ. ಮುಂದೆ ಅವನ ಮೇಲೇ ಬಳಸಲು ಬಂತು.

ಅಂಗಡಿ ಅಲೆಯುವ ಮೊದಲು ವಿಮರ್ಶೆಗಳನ್ನು ನೋಡಬೇಕಂತೆ. ನೋಡಿದೆವು. ಯಾವುದೋ ದೇಶದ ತಣ್ಣನೆಯ ಕೋಣೆಯಲ್ಲಿ ಉಣ್ಣೆಯ ಅಂಗಿ ತೊಟ್ಟ ಗಡ್ಡದವನೊಬ್ಬ ಅಂಗೈಯಗಲದ ಪೆಟ್ಟಿಗೆಯನ್ನು ಎತ್ತಿ ತೋರಿಸುತ್ತಾನೆ. ಎರಡು ತಾಸು ಆಡಿದರೂ ಪ್ರೊಸೆಸರಿನ ಬಿಸಿ 80 ಡಿಗ್ರಿ ದಾಟಲಿಲ್ಲ ಎನ್ನುತ್ತಾನೆ. ಹುಡುಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಕೇಳಿದ್ದು ಒಂದೇ: ಆ ಪುಣ್ಯಾತ್ಮನ ಕೋಣೆಯೊಳಗೆ ಎಷ್ಟು ಡಿಗ್ರಿ ಇತ್ತು?

ರಾಯಚೂರಿನವರು ಮಾತ್ರ ಕೇಳಬಹುದಾದ ಪ್ರಶ್ನೆ ಇದೆಂದು ನನ್ನ ಹೆಮ್ಮೆ. ಕಂಪ್ಯೂಟರಿನ ಫ್ಯಾನು ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ, ಇದ್ದ ಗಾಳಿಯನ್ನು ಅತ್ತಿಂದಿತ್ತ ಸಾಗಿಸುತ್ತದೆ ಅಷ್ಟೆ. ಕೋಣೆಯ ಗಾಳಿಗಿಂತ ಚಿಪ್ಪು ಎಷ್ಟು ಡಿಗ್ರಿ ಮೇಲಿರುತ್ತದೆ ಎಂಬ ಅಂತರವೇ ಆ ಪೆಟ್ಟಿಗೆಯ ನಿಜವಾದ ಯೋಗ್ಯತೆ. ಗಡ್ಡದವನ ಕೋಣೆ 22 ಡಿಗ್ರಿ ಎಂದಿಟ್ಟುಕೊಳ್ಳಿ, 80ಕ್ಕೆ ಅಂತರ 58. ಅದೇ ಪೆಟ್ಟಿಗೆಯನ್ನು ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆಯ ಕೆಳಗೆ ಇಟ್ಟರೆ, ಕೋಣೆಯೊಳಗೇ 40. ಕೂಡಿದರೆ 98. ಬಹುಪಾಲು ಪ್ರೊಸೆಸರುಗಳು 95ರಿಂದ 100ರ ನಡುವೆ ಎಲ್ಲೋ ತಾವಾಗಿಯೇ ವೇಗ ತಗ್ಗಿಸಿ ಜೀವ ಉಳಿಸಿಕೊಳ್ಳುತ್ತವೆ. ಅಂದರೆ ಹುಡುಗ ದುಡ್ಡು ಕೊಟ್ಟ ವೇಗ ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ ಸಿಗುತ್ತದೆ. ಶಿವರಾತ್ರಿಯಿಂದ ಮಳೆ ಹಿಡಿಯುವ ತನಕ ಯಂತ್ರವೂ ನಮ್ಮಂತೆಯೇ ಮಧ್ಯಾಹ್ನ ಅಡ್ಡಾಗಲು ನೋಡುತ್ತದೆ.

ಈ ಲೆಕ್ಕದಲ್ಲಿ ಗಾತ್ರ ಎಲ್ಲಿ ಬಂತು ಎಂದರೆ, ಎಲ್ಲವೂ ಅಲ್ಲೇ. ಕಂಪ್ಯೂಟರು ನುಂಗುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. 250 ವಾಟ್ ಒಳಗೆ ಹೋದರೆ 250 ವಾಟ್ ಬಿಸಿ ಹೊರಗೆ. ದೊಡ್ಡ ಡಬ್ಬಿಯಲ್ಲಿ ದೊಡ್ಡ ಫ್ಯಾನು ನಿಧಾನ ತಿರುಗುತ್ತ ಆ ಬಿಸಿಯನ್ನು ದಬ್ಬುತ್ತದೆ. ನಾಲ್ಕೈದು ಲೀಟರಿನ ಡಬ್ಬಿಯಲ್ಲಿ ಹಿಡಿಯುವುದು ಸಣ್ಣ ಫ್ಯಾನು. ಅಷ್ಟೇ ಗಾಳಿ ಸಾಗಿಸಲು ಅದು ಎರಡರಷ್ಟು ಓಡಬೇಕು, ಓಡುತ್ತ ಕಿರುಚಬೇಕು. ಹುಡುಗ ಹೆಡ್‌ಫೋನು ಹಾಕಿಕೊಂಡಿರುತ್ತಾನೆ, ಅವನಿಗೇನು. ಕೇಳಿಸುವುದು ಪಕ್ಕದ ಕೋಣೆಯ ನನಗೆ.

ಸಣ್ಣ ಡಬ್ಬಿಯವರದು ಇನ್ನೊಂದು ಚಾಲಾಕಿ ಇದೆ. ಟ್ರೈಡೆಂಟಿನಂಥವುಗಳಲ್ಲಿ ಕರೆಂಟು ಬದಲಿಸುವ ಭಾಗವನ್ನು ಹೊರಗೆ ಹಾಕಿರುತ್ತಾರೆ. ಇಟ್ಟಿಗೆಯಷ್ಟು ದಪ್ಪದ ಅಡಾಪ್ಟರು ಮೇಜಿನ ಕೆಳಗೆ ಬಿದ್ದಿರುತ್ತದೆ. 4.72 ಲೀಟರಿನ ಲೆಕ್ಕದಲ್ಲಿ ಅದು ಬರುವುದಿಲ್ಲ. ರಾಜೇಂದ್ರ ಗಂಜಿನಲ್ಲಿ ಹತ್ತಿ, ಭತ್ತ ತೂಗಿಸಿ ತೂಗಿಸಿ ಮುಪ್ಪಾದ ಮಾವನಿಗೆ ಇದನ್ನು ವಿವರಿಸಿದಾಗ ಅವರ ಮುಖ ಗಂಭೀರವಾಯಿತು. "ತೂಕದಾಗ ಮೋಸ ಇದು," ಎಂದು ತೀರ್ಪು ಕೊಟ್ಟರು. ಅಂದಿನಿಂದ ಅವರು ಲೀಟರಿನ ಯಾವ ಅಂಕಿಯನ್ನೂ ನಂಬಲಿಲ್ಲ.

ಯಂತ್ರದ ಶಕ್ತಿ ಅಳೆಯುವ ಪರೀಕ್ಷೆಗೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಒಂದೇ ಆಟವನ್ನು ಎಲ್ಲ ಯಂತ್ರಗಳಲ್ಲೂ ಓಡಿಸಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡಿತು ಎಂದು ಎಣಿಸುವುದು. ಇದನ್ನು ಮಾವನಿಗೆ ತಿಳಿಸಲು ಹುಡುಗ ಬೆವರು ಸುರಿಸುತ್ತಿದ್ದ. ಕೊನೆಗೆ ನಾನೇ ಕಾರಹುಣ್ಣಿಮೆ ನೆನಪಿಸಿದೆ. ಪ್ರತಿವರ್ಷ ಮುನ್ನೂರು ಕಾಪು ಸಮಾಜದವರು ರಾಯಚೂರಿನಲ್ಲಿ ಮುಂಗಾರು ಹಬ್ಬ ಮಾಡುತ್ತಾರಲ್ಲ, ಒಂದೂವರೆ ಟನ್, ಎರಡು ಟನ್ ಕಲ್ಲು ಕಟ್ಟಿ ಎತ್ತಿನ ಜೋಡಿ ಬಿಡುತ್ತಾರಲ್ಲ, ಕಲ್ಲು ಅದೇ, ಹೊತ್ತು ಅದೇ, ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದು ಗೆದ್ದಂತೆ. ಹಾಗೆ ಇದು. ಮಾವ ತಕ್ಷಣ ಹಿಡಿದುಕೊಂಡರು. ಹಿಡಿದುಕೊಂಡದ್ದಷ್ಟೇ ಅಲ್ಲ, ಮುಂದಕ್ಕೂ ಹೋದರು: "ಹಂಗಾದ್ರ ಮೊದಲನೇ ಸುತ್ತು ನೋಡಬಾರದು. ಮೊದಲು ಎಲ್ಲಾ ಎತ್ತೂ ಓಡ್ತಾವ. ಬಿಸಿಲೇರಿದ ಮ್ಯಾಲ ನೋಡಬೇಕು." ಐದು ನಿಮಿಷದ ಪರೀಕ್ಷೆ ನಂಬಬೇಡಿ, ಅರ್ಧ ತಾಸು ಕಾಯ್ದ ಮೇಲೆ ಬರುವ ಅಂಕಿ ನೋಡಿ ಎಂದು ಬಲ್ಲವರು ಹೇಳುವುದೂ ಇದನ್ನೇ. ಮಾವ ಕಂಪ್ಯೂಟರು ಮುಟ್ಟಿದವರಲ್ಲ.

ಭಾರ ಎಳೆಯುವುದರಲ್ಲಿ ನಮ್ಮೂರಿಗೆ ಹಳೆಯ ಖಾತರಿ ಇದೆ ಬಿಡಿ. ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ. 1294ರಲ್ಲಿ ಕಾಕತೀಯರ ಕಡೆಯ ವಿಠ್ಠಲನಾಥ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಅಲ್ಲೇ ಕೆತ್ತಿರುವ ಚಿತ್ರ: ಆ ಕಲ್ಲನ್ನು ಬಂಡಿಗೆ ಏರಿಸಿ ಕೋಣಗಳು ಎಳೆಯುತ್ತಿರುವುದು. ಇಷ್ಟು ದೊಡ್ಡದನ್ನು ತಂದೆವು ಎಂದು ಹೇಳಿ ಸುಮ್ಮನಾಗದೆ, ಹೇಗೆ ತಂದೆವು ಎಂಬುದನ್ನೂ ತೋರಿಸಿಟ್ಟಿದ್ದಾರೆ. ಏಳುನೂರು ವರ್ಷದ ಹಿಂದೆ ಈ ಮರ್ಯಾದೆ ಇದ್ದ ಊರಿನವರು, ಪರೀಕ್ಷೆ ಮಾಡಿದ ಕೋಣೆಯ ಉಷ್ಣಾಂಶ ಬರೆಯದ ಕಂಪನಿಯ ಮಾತನ್ನು ಏಕೆ ನಂಬಬೇಕು?

ಹುಡುಗನ ಪಟ್ಟಿಯಲ್ಲಿದ್ದ ಹೆಸರುಗಳು ಒಂದೊಂದಾಗಿ ಉದುರಿದವು. ಇಂಟೆಲ್ ಕಂಪನಿ 2018ರಲ್ಲಿ 1.2 ಲೀಟರಿನಲ್ಲಿ ಆಟ ಆಡಿಸುವ ನಕ್ ಪೆಟ್ಟಿಗೆ ಮಾಡಿತ್ತು. 2023ರಲ್ಲಿ ಆ ವ್ಯಾಪಾರವನ್ನೇ ಬಿಟ್ಟು ಏಸಸ್ ಕೈಗೆ ಕೊಟ್ಟಿತು. ಫ್ರೇಮ್‌ವರ್ಕಿನದರಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಹೆಚ್ಚಿಸುವಂತಿಲ್ಲ. ಲ್ಯಾಪ್‌ಟಾಪಿನ ಬಗ್ಗೆ ನೀನೇ ಹೇಳಿದ್ದೆಯಲ್ಲ ಎಂದೆ, ಹುಡುಗ ಸುಮ್ಮನಾದ. ನಮ್ಮ ಸರ್ಕಾರದ್ದೇ ಒಂದು ಪುಟ್ಟ ಕಂಪ್ಯೂಟರು ಬಂದಿದೆ, 2025ರ ನವೆಂಬರಿನಲ್ಲಿ ಕಿಯೋನಿಕ್ಸ್ ಹೊರತಂದ ಕಿಯೊ, 18,999 ರೂಪಾಯಿ ಎಂದು ತಂಗಿ ದೇವದುರ್ಗದಿಂದ ಫೋನು ಮಾಡಿದಳು. ಶಾಲೆಯ ಪಾಠ ಹೇಳಿಕೊಡುವ ಎಐ ಕೂಡ ಅದರೊಳಗಿದೆಯಂತೆ. ಅದರ ಪ್ರೊಸೆಸರು ರಿಸ್ಕ್-ಫೈವ್ ಜಾತಿಯದು, ನಡೆಯುವುದು ಲಿನಕ್ಸಿನಲ್ಲಿ. ಪೇಟೆಯ ದೊಡ್ಡ ಆಟಗಳೆಲ್ಲ ಇಂಟೆಲ್, ಎಎಂಡಿ ಜಾತಿಯವಕ್ಕೆ ಬರೆದವು. "ಅದು ಬರೀ ಓದಾಕ ಐತವ್ವಾ," ಎಂದು ಹುಡುಗ ಬಾಯಿ ತಪ್ಪಿ ಹೇಳಿಬಿಟ್ಟ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅವಳಿಂದ ಬಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಕರೆಂಟಿನ ಮಾತನ್ನೂ ಆಡಿಬಿಡಬೇಕು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಎಂಟು ಘಟಕ ಸೇರಿ 1,720 ಮೆಗಾವಾಟ್. ಯರಮರಸಿನಲ್ಲಿ ಇನ್ನೊಂದು 1,600. ನಾಡಿಗೆಲ್ಲ ಬೆಳಕು ಕಳಿಸುವ ಜಿಲ್ಲೆ ನಮ್ಮದು, ಆದರೂ ಕ್ಯಾಂಡಲ್ಲು ಎಲ್ಲಿದೆ ಎಂದು ಕತ್ತಲಲ್ಲಿ ತಡಕುವ ವಿದ್ಯೆ ನಮಗೆ ಮರೆತಿಲ್ಲ. ಇಲ್ಲಿ ಸಣ್ಣ ಯಂತ್ರದ ಪರವಾಗಿ ಒಂದು ಮಾತು ಸಲ್ಲುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ಸು ಹೊರುವುದು 360 ವಾಟಿನ ಆಸುಪಾಸು. 500 ವಾಟ್ ನುಂಗುವ ಗೋಪುರದಂಥ ದೊಡ್ಡ ಡಬ್ಬಿಗೆ ಅದು ಸಾಲದು, 150 ವಾಟಿನ ಪೆಟ್ಟಿಗೆಯಾದರೆ ಆಟ ಉಳಿಸಿ ಮರ್ಯಾದೆಯಿಂದ ಬಂದ್ ಮಾಡುವಷ್ಟು ಹೊತ್ತು ಸಿಗುತ್ತದೆ. ಹುಡುಗನ ಕಡೆಗೆ ನಾನು ಮೊದಲ ಬಾರಿ ವಾಲಿದ್ದು ಆಗ.

ತೀನ್ ಕಂದೀಲ್ ಹತ್ತಿರ ರಿಪೇರಿ ಮಾಡುವವನೊಬ್ಬನಿದ್ದಾನೆ. ಅವನ ಮುಂದೆ ಆಗ ಯಾರದೋ ಪುಟ್ಟ ಪೆಟ್ಟಿಗೆ ಬಿಚ್ಚಿಕೊಂಡು ಬಿದ್ದಿತ್ತು. ನಾಲ್ಕು ಸ್ಕ್ರೂ ತೆಗೆದು ಫ್ಯಾನನ್ನು ಮೆಲ್ಲನೆ ಎತ್ತಿದ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ಪದರ ಕೂತಿತ್ತು: ಧೂಳು, ಕೂದಲು, ಹತ್ತಿಯ ಎಳೆ. ಚಿಮಟದಿಂದ ಒಂದು ಮೂಲೆ ಹಿಡಿದು ಎಳೆದರೆ ಇಡೀ ಪದರ ಹರಿಯದೆ ಹಾಗೇ ಎದ್ದು ಬಂತು. ಬೆಳಕಿಗೆ ಹಿಡಿದು ತೋರಿಸಿದ. ಆಚೆ ಬದಿ ಕಾಣಲಿಲ್ಲ. "ಜಿನ್ನಿಂಗ್ ಮಿಲ್ ಕಡೆ ಮನಿ ಇದ್ದವ್ರದು ಆರು ತಿಂಗಳಿಗೊಮ್ಮೆ ಹಿಂಗ ಬರ್ತದ್ರಿ. ದೊಡ್ಡ ಡಬ್ಬಿ ಆದ್ರ ಮನ್ಯಾಗ ಬ್ಲೋವರ್ ಹೊಡ್ಕೊಂತಾರ. ಇದನ್ನ ಬಿಚ್ಚಾಕ ನಾನೇ ಬೇಕು," ಎಂದ. ಹೆಮ್ಮೆಯಿಂದ ಹೇಳಿದನೋ ಬೇಸರದಿಂದಲೋ ತಿಳಿಯಲಿಲ್ಲ.

ಅವನೇ ದಾರಿ ತೋರಿಸಿದ. ಬೆಂಗಳೂರಿನ ಆಫೀಸುಗಳು ನಾಲ್ಕೈದು ವರ್ಷ ದುಡಿಸಿ ಬಿಟ್ಟ ಡೆಸ್ಕ್‌ಟಾಪುಗಳು ಎಸ್‌ಪಿ ರೋಡಿನ ಮೂಲಕ ನಮ್ಮ ಕಡೆಗೂ ಬರುತ್ತವೆ. ಅವುಗಳಲ್ಲಿ ಪುಸ್ತಕದಷ್ಟೇ ಇರುವ ಅತಿ ಸಣ್ಣವು ಬೇಡ, ಗ್ರಾಫಿಕ್ಸ್ ಕಾರ್ಡಿಗೆ ಕಿಂಡಿಯೇ ಇರುವುದಿಲ್ಲ. ಎಂಟು ಲೀಟರಿನ ಆಸುಪಾಸಿನವು ಆದಾವು. ಅವುಗಳಲ್ಲಿ ಅರ್ಧ ಎತ್ತರದ ಕಾರ್ಡು ಕೂಡುತ್ತದೆ. ಬೋರ್ಡಿನ ಕಿಂಡಿ ಕೊಡುವುದು ಹೆಚ್ಚೆಂದರೆ 75 ವಾಟ್, ಆದ್ದರಿಂದ ಬೇರೆ ವೈರು ಕೇಳದ ಕಾರ್ಡೇ ಬೇಕು. 75 ವಾಟಿನ ಜಿಟಿಎಕ್ಸ್ 1650, 53 ವಾಟಿನ ಆರ್‌ಎಕ್ಸ್ 6400, ಇಲ್ಲವೇ 2024ರಲ್ಲಿ ಬಂದ 70 ವಾಟಿನ ಆರ್‌ಟಿಎಕ್ಸ್ 3050, ಆರು ಜಿಬಿಯದು. ಎರಡನೆಯದಕ್ಕೆ ಬೋರ್ಡಿನ ಜೊತೆ ಮಾತಾಡಲು ನಾಲ್ಕೇ ಲೇನು, ಹಳೆಯ ಬೋರ್ಡಿನಲ್ಲಿ ಅದು ಸೊರಗುತ್ತದೆ ಎಂದು ಹುಡುಗ ಮಧ್ಯೆ ಬಾಯಿ ಹಾಕಿದ. ರಿಪೇರಿಯವನು ಅವನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದ. ಆಮೇಲೆ ಎಚ್ಚರಿಕೆಯನ್ನೂ ಕೊಟ್ಟ: ದೊಡ್ಡ ಕಂಪನಿಗಳ ಈ ಪೆಟ್ಟಿಗೆಗಳಲ್ಲಿ ಕರೆಂಟು ಬದಲಿಸುವ ಎಸ್‌ಎಂಪಿಎಸ್ಸು ಅವರವರದೇ ಆಕಾರ, ಪಿನ್ನು ಅವರವರದೇ ಲೆಕ್ಕ. ಸುಟ್ಟರೆ ಪಕ್ಕದ ಅಂಗಡಿಯದು ಕೂಡುವುದಿಲ್ಲ, ಬೆಂಗಳೂರಿನಿಂದಲೇ ಬರಬೇಕು. "ಒಂದು ಹೆಚ್ಚಿಗಿ ತಂದಿಟ್ಕೋರಿ," ಎಂದ.

ಇದೆಲ್ಲದರ ನಡುವೆ ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಿದವರು ನನ್ನ ಹೆಂಡತಿ: ಇವನು ಆಡುವುದಾದರೂ ಏನನ್ನು? ಹುಡುಗ ಜಿಟಿಎ ಎಂದ, ಸೈಬರ್‌ಪಂಕ್ ಎಂದ. ನಾವು ನೋಡಿದ್ದು ಬೇರೆ. ಗೆಳೆಯರು ಬಂದಾಗಲೆಲ್ಲ ಅವರು ಕೂತು ಆಡುತ್ತಿದ್ದುದು 2006ರ ಇಎ ಕ್ರಿಕೆಟ್ 07. ಅದಕ್ಕೆ ಯಾರೋ ಪುಣ್ಯವಂತರು ಈಗಿನ ಆಟಗಾರರ ಹೆಸರು, ಅಂಗಿ ಹೊಲಿದು ಕೊಟ್ಟಿದ್ದಾರೆ. ಉಳಿದ ಹೊತ್ತು ವ್ಯಾಲರಂಟ್. ಒಂದನೆಯದು ಯಾವ ಮುದಿ ಯಂತ್ರದಲ್ಲೂ ಓಡುತ್ತದೆ, ಎರಡನೆಯದು ಸಾಧಾರಣ ಕಾರ್ಡಿನಲ್ಲೇ ಹಾರುತ್ತದೆ. ಇನ್ನು ಅವನ ಹತ್ತಿರ ಇರುವ ಮಾನಿಟರು ಸೆಕೆಂಡಿಗೆ 60 ಚಿತ್ರಕ್ಕಿಂತ ಹೆಚ್ಚು ತೋರಿಸದು. ಯಂತ್ರ ಒಳಗೆ 200 ಮಾಡಿದರೂ ಉಳಿದ 140 ಯಾರ ಕಣ್ಣಿಗೂ ಬೀಳದೆ ಕರೆಂಟು ಬಿಲ್ಲಿಗೆ ಜಮಾ. ಇದನ್ನು ಹೇಳಿದಾಗ ಹುಡುಗ, ಹಾಗಾದರೆ ಮಾನಿಟರೂ ಬದಲಿಸಬೇಕು ಎಂದ. ಹೇಳಬಾರದಿತ್ತು.

ರ್‍ಯಾಮ್ ಕೊಳ್ಳಲು ಹೋದಾಗ ಅಂಗಡಿಯವನು, "ಇವತ್ತಿನ ರೇಟ್ ಹೇಳ್ತೀನ್ರಿ, ನಾಳಿದ್ದು ಕೇಳಬ್ಯಾಡ್ರಿ," ಎಂದ. ಎಐ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡು 2025ರ ಕೊನೆಯಿಂದ ಬೆಲೆ ಏರುತ್ತಲೇ ಹೋಗಿತ್ತು. ಜೊತೆಗಿದ್ದ ಮಾವ ಮೊದಲ ಬಾರಿಗೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಿರಾಳವಾಗಿ ಕೂತರು. ದರ ಏರುವ ಕಾಲದಲ್ಲಿ ಹೇಗೆ ಚೌಕಾಸಿ ಮಾಡಬೇಕೆಂದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಎರಡು ಚಹಾ ಮುಗಿಯುವುದರೊಳಗೆ ಎಂಟು ಜಿಬಿಯ ಎರಡು ಕಡ್ಡಿಗಳನ್ನು ಹುಡುಗ ಅಂದುಕೊಂಡದ್ದಕ್ಕಿಂತ ಕಡಿಮೆಗೆ ಇಳಿಸಿದರು, ಮೇಲೊಂದು ಮೌಸ್ ಪ್ಯಾಡನ್ನೂ ಹಾಕಿಸಿಕೊಂಡರು. ಅದು ಏನಕ್ಕೆಂದು ಅವರಿಗೆ ಈಗಲೂ ಗೊತ್ತಿಲ್ಲ. ಪುಕ್ಕಟೆ ಎಂಬುದು ಗೊತ್ತು.

ಹಾಗೆ ಎಂಟು ಲೀಟರಿನ ಹಳೆಯ ಆಫೀಸು ಪೆಟ್ಟಿಗೆಯೊಳಗೆ ಹೊಸ 3050 ಕೂತಿತು. ಬೇಸಿಗೆಯಲ್ಲಿ ಮುಚ್ಚಳ ತೆಗೆದಿಟ್ಟರೆ ಏಳೆಂಟು ಡಿಗ್ರಿ ಇಳಿಯುತ್ತದೆ, ಹಲ್ಲಿ ಒಳಗೆ ಹೋಗದಂತೆ ಮೇಲೆ ಸೊಳ್ಳೆ ಜಾಲಿ ಬಿಗಿದರಾಯಿತು. ವಿಮರ್ಶಕರು ಇದಕ್ಕೆ ಎಷ್ಟು ನಕ್ಷತ್ರ ಕೊಡುತ್ತಾರೋ ತಿಳಿಯದು. ನಮ್ಮ ಬಿಸಿಲಿಗೆ, ಧೂಳಿಗೆ, ತೀನ್ ಕಂದೀಲಿನ ಸ್ಕ್ರೂಡ್ರೈವರಿಗೆ ಬಗ್ಗುವ ಯಂತ್ರ ಇದೇ ಎಂದು ನನ್ನ ಎಣಿಕೆ.

ಹಬ್ಬಕ್ಕೆ ಅದು ದೇವದುರ್ಗಕ್ಕೆ ಹೋಯಿತು, ಬಸ್ಸಿನಲ್ಲಿ, ತೊಡೆಯ ಮೇಲೆಯೇ. ತಂಗಿ ಅದನ್ನು ಸುತ್ತಲೂ ತಿರುಗಿ ನೋಡಿ, ಆಟದ್ದೋ ಓದಿನದ್ದೋ ಎಂದು ಕೇಳದೆ, ಟಿವಿಗೆ, ಫ್ರಿಜ್ಜಿಗೆ, ಮಿಕ್ಸರಿಗೆ ಹೊಲಿದಂತೆ ಇದಕ್ಕೂ ಒಂದು ಕಸೂತಿ ಹೊದಿಕೆ ಹೊಲಿಯುವುದಾಗಿ ಘೋಷಿಸಿದಳು. ಹುಡುಗ ಬಿಸಿಗಾಳಿ, ಕಿಂಡಿ, ಡಿಗ್ರಿ ಎಂದೆಲ್ಲ ಕೂಗಾಡಿದ. "ಧೂಳ ಕುಂದ್ರತದ, ಮತ್ತ?" ಎಂದಳು. ಆ ವಾದಕ್ಕೆ ರಾಯಚೂರು ಜಿಲ್ಲೆಯಲ್ಲಿ ಉತ್ತರ ಕೊಡುವುದು ಕಷ್ಟ. ಕೊನೆಗೆ ಯಂತ್ರ ಬಂದ್ ಇದ್ದಾಗ ಮಾತ್ರ ಹೊದಿಕೆ ಎಂದು ರಾಜಿಯಾಯಿತು. ಮುಂದಿನ ಮೈಮೇಲೆ ನವಿಲು ಬರುತ್ತದಂತೆ. ಅದರ ಬಾಲ ಪವರ್ ಬಟನ್ನಿನ ಮೇಲೆ ಬರಬೇಕೋ ಪಕ್ಕಕ್ಕೆ ಸರಿಯಬೇಕೋ ಎಂಬ ಬಗ್ಗೆ ತಾಯಿ ಮಗನ ನಡುವೆ ಇನ್ನೂ ಮಾತುಕತೆ ನಡೆದಿದೆ.